ಒತ್ತಕ್ಷರ ಕಳಚದಂತೆ ಪಿಡಿಎಫ್ ಅರ್ಜಿ ತುಂಬಿ ಜೋಡಿಸುವುದು: ಪೈಥಾನ್ ಬಳಸಿ ಸಮಗ್ರ ಮಾರ್ಗದರ್ಶಿ

ಮುಂಗಾರು ಹತ್ತಿರ ಬಂತೆಂದರೆ ಮುಧೋಳ, ಜಮಖಂಡಿ, ಇಂಡಿ ಕಡೆಯ ಪಿಕೆಪಿಎಸ್‌ಗಳ (ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ) ಮೇಜಿನ ಮೇಲೆ ಬೆಳೆ ಸಾಲದ ಅರ್ಜಿಗಳ ರಾಶಿ ಬೀಳುತ್ತದೆ. ಸದಸ್ಯರ ಹೆಸರು, ರಿ.ಸ.ನಂ. (ಜಮೀನಿನ ಸರ್ವೆ ನಂಬರ್), ಖಾತೆ ಸಂಖ್ಯೆ ಎಲ್ಲ ಎಕ್ಸೆಲ್‌ನಲ್ಲಿ ಮೊದಲೇ ಇರುತ್ತದೆ. ಅದನ್ನೇ ಮತ್ತೆ ಒಬ್ಬೊಬ್ಬರದಾಗಿ ಪಿಡಿಎಫ್ ಫಾರ್ಮ್‌ನಲ್ಲಿ ಟೈಪ್ ಮಾಡಿ, ಉತಾರ (ಪಹಣಿ), ಆಧಾರ್ ಮತ್ತು ಪಾಸ್‌ಬುಕ್ ನಕಲು ಜೋಡಿಸುತ್ತ ಕೂತರೆ 300 ಸದಸ್ಯರಿಗೆ ವಾರ ಸಾಲದು. ಕೋಡ್ ಬರೆದರೆ ಯಂತ್ರಕ್ಕೆ ಕೆಲವು ನಿಮಿಷದ ಕೆಲಸ.

ಆದರೆ ಎಲ್ಲೋ ಸಿಕ್ಕ ಹತ್ತು ಸಾಲಿನ ಕೋಡ್ ತಂದು ಓಡಿಸಿದವರಿಗೆ ಎರಡು ಪೆಟ್ಟು ಕಾದಿರುತ್ತವೆ. ಕನ್ನಡ ಹೆಸರಿನ ಜಾಗದಲ್ಲಿ ಚೌಕಗಳು ಬರುತ್ತವೆ, ಇಲ್ಲವೆ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಿದ್ದಿರುತ್ತದೆ. ಎಲ್ಲವನ್ನೂ ಒಂದೇ ಫೈಲಿಗೆ ಜೋಡಿಸಿದ ಮೇಲೆ 300 ಅರ್ಜಿಗಳಲ್ಲೂ ಒಬ್ಬರದೇ ಹೆಸರು ನಿಂತಿರುತ್ತದೆ. ಎರಡೂ ಒಂದೇ ಬೇರಿನವು: ನೀವು ತುಂಬಿದ ಮೌಲ್ಯ ಇರುವುದು ಫೀಲ್ಡಿನಲ್ಲಿ (ಫಾರ್ಮ್‌ನ ತುಂಬುವ ಪೆಟ್ಟಿಗೆಯಲ್ಲಿ), ಕಾಗದದ ಮೇಲಲ್ಲ.

ಫೀಲ್ಡ್ ಒಳಗೆ ಏನಿರುತ್ತದೆ

ತುಂಬಬಹುದಾದ ಪಿಡಿಎಫ್‌ನ ಒಳಗೆ ಆಕ್ರೋಫಾರ್ಮ್ ಎಂಬ ಪಟ್ಟಿ ಇರುತ್ತದೆ. 1996ರ ಪಿಡಿಎಫ್ 1.2 ಆವೃತ್ತಿಯಿಂದ ಇದೇ ವ್ಯವಸ್ಥೆ. ಪ್ರತಿ ಫೀಲ್ಡಿಗೂ ಕೆಲವು ಕೀಗಳು: ‘ಟಿ’ಯಲ್ಲಿ ಹೆಸರು, ‘ಎಫ್‌ಟಿ’ಯಲ್ಲಿ ಬಗೆ (ಬರಹ, ಗುಂಡಿ, ಆಯ್ಕೆ, ಸಹಿ), ‘ವಿ’ಯಲ್ಲಿ ಮೌಲ್ಯ, ‘ಎಪಿ’ಯಲ್ಲಿ ಪುಟದ ಮೇಲೆ ಕಾಣಬೇಕಾದ ಚಿತ್ರ. ಕೋಡ್ ‘ವಿ’ಯನ್ನು ಬದಲಿಸಿತೆಂದ ಮಾತ್ರಕ್ಕೆ ‘ಎಪಿ’ ತಾನಾಗಿ ಬದಲಾಗುವುದಿಲ್ಲ. ‘ನೀಡ್ ಅಪಿಯರೆನ್ಸಸ್’ ಎಂಬ ಗುರುತು ಹಾಕಿದರೆ, ತೆರೆಯುವ ತಂತ್ರಾಂಶವೇ ಚಿತ್ರ ಬರೆದುಕೊಳ್ಳಬೇಕು. ಕೆಲವು ಬರೆದುಕೊಳ್ಳುತ್ತವೆ, ಕೆಲವು ಬರೆದುಕೊಳ್ಳುವುದಿಲ್ಲ. ಕಂಪ್ಯೂಟರಿನಲ್ಲಿ ಹೆಸರು ಕಾಣುತ್ತದೆ, ಮೊಬೈಲಿನಲ್ಲಿ ಅದೇ ಫೈಲ್ ಖಾಲಿ ಎಂಬ ದೂರಿನ ಹಿಂದಿನ ಕಾರಣ ಬಹುಮಟ್ಟಿಗೆ ಇದೇ.

ಕನ್ನಡಕ್ಕೆ ಇನ್ನೊಂದು ಸುತ್ತು ಹೆಚ್ಚು. ಫಾರ್ಮ್‌ಗಳಲ್ಲಿ ಸಾಮಾನ್ಯವಾಗಿ ಇರುವ ಹೆಲ್ವೆಟಿಕಾ ಫಾಂಟಿನಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಕನ್ನಡ ಫಾಂಟ್ ಕೊಟ್ಟರೂ ಸಾಲದು. ‘ಕರ್ನಾಟಕ’ದ ‘ರ್ನಾ’ ಬರೆಯಲು ರ, ಹಲಂತ, ನ, ಆ-ಕಾರ ಎಂಬ ನಾಲ್ಕು ಸಂಕೇತಗಳನ್ನು ಓದಿ, ಅರ್ಕಾವತ್ತನ್ನು ನಕಾರದ ಬಲಕ್ಕೆ ಒಯ್ದು ಕೂರಿಸಬೇಕು. ಈ ಕೆಲಸದ ಹೆಸರು ಶೇಪಿಂಗ್. ಹಾರ್ಫ್‌ಬಜ್‌ನಂಥ ಎಂಜಿನ್ ಅದನ್ನು ಮಾಡುತ್ತದೆ. ಪಿಡಿಎಫ್ ತುಂಬುವ ಬಹುತೇಕ ಲೈಬ್ರರಿಗಳು ಸಂಕೇತಗಳನ್ನು ಒಂದರ ಪಕ್ಕ ಒಂದು ಇಟ್ಟು ಸುಮ್ಮನಾಗುತ್ತವೆ. ಕ್ಯುಪಿಡಿಎಫ್ ಎಂಬ ಸಾಧನದ ‘ಜನರೇಟ್ ಅಪಿಯರೆನ್ಸಸ್’ ಆಯ್ಕೆಯೂ ಇಂಗ್ಲಿಷ್‌ನಂಥ ಸರಳ ಲಿಪಿಗಷ್ಟೇ ಸಾಕು. ಹಾಗಾಗಿ ಕನ್ನಡದ ಮೌಲ್ಯವನ್ನು ಫೀಲ್ಡಿನಲ್ಲಿ ತುಂಬುವ ಹಟ ಬಿಟ್ಟು, ಫೀಲ್ಡ್ ಇದ್ದ ಜಾಗದಲ್ಲೇ ಪುಟದ ಮೇಲೆ ನೇರವಾಗಿ ಬರೆಯುವುದು ಲೇಸು. ಈ ಮಾರ್ಗದರ್ಶಿ ನಿಂತಿರುವುದು ಆ ಒಂದು ನಿರ್ಧಾರದ ಮೇಲೆ.

ಬೇಕಾದ ಸಾಮಾನು

ಪೈಥಾನ್ 3.10 ಅಥವಾ ಮುಂದಿನದು. ಪೈಥಾನ್ ಪ್ಯಾಕೇಜುಗಳನ್ನು ತರುವ ಪಿಪ್ ಮೂಲಕ ಪೈಮ್ಯುಪಿಡಿಎಫ್ (ಪಿಡಿಎಫ್ ಕೆಲಸಕ್ಕೆ) ಮತ್ತು ಓಪನ್‌ಪೈಎಕ್ಸ್‌ಎಲ್ (ಎಕ್ಸೆಲ್ ಓದಲು) ಹಾಕಿಕೊಳ್ಳಿ. ಪೈಮ್ಯುಪಿಡಿಎಫ್‌ಗೆ ‘ಫಿಟ್ಜ್’ ಎಂಬ ಹಳೆಯ ಹೆಸರಿದೆ ಎಂದು ಪಿಪ್‌ನಲ್ಲಿ ‘ಫಿಟ್ಜ್’ ಕೇಳಬೇಡಿ. ಆ ಹೆಸರಿನಲ್ಲಿ ಸಂಬಂಧವೇ ಇಲ್ಲದ ಇನ್ನೊಂದು ಪ್ಯಾಕೇಜ್ ಇದೆ, ಅದು ಬಂದು ಕೂತರೆ ಇಂಪೋರ್ಟ್ ಸಾಲಿನಲ್ಲೇ ದೋಷ. ನೋಟೋ ಸಾನ್ಸ್ ಕನ್ನಡ ಫಾಂಟಿನ ರೆಗ್ಯುಲರ್ ಫೈಲನ್ನು ಕೋಡ್ ಇರುವ ಫೋಲ್ಡರಿನ ಒಳಗೆ ‘ಫಾಂಟ್ಸ್’ ಎಂಬ ಫೋಲ್ಡರಿನಲ್ಲಿಡಿ. ವಿಂಡೋಸ್‌ನ ತುಂಗಾ ಅಥವಾ ನಿರ್ಮಲಾ ಮೇಲೆ ಅವಲಂಬಿಸಿದರೆ ನಾಳೆ ಬೇರೆ ಯಂತ್ರದಲ್ಲಿ ಓಡಿಸುವಾಗ ತೊಡಕು.

ಪೈಮ್ಯುಪಿಡಿಎಫ್ ಎಜಿಪಿಎಲ್ ಪರವಾನಗಿಯಲ್ಲಿದೆ. ಸಂಘದ ಕಚೇರಿಯೊಳಗೆ ಬಳಸಿಕೊಳ್ಳಲು ಅಡ್ಡಿಯಿಲ್ಲ. ಇದನ್ನೇ ಆನ್‌ಲೈನ್ ಸೇವೆ ಮಾಡಿ ಹೊರಗಿನವರಿಗೆ ಕೊಡುವುದಾದರೆ ನಿಮ್ಮ ಕೋಡನ್ನೂ ತೆರೆದಿಡಬೇಕು, ಇಲ್ಲವೆ ವಾಣಿಜ್ಯ ಪರವಾನಗಿ ಕೊಳ್ಳಬೇಕು. ಇಂಗ್ಲಿಷ್‌ನಲ್ಲೇ ತುಂಬುವ ಫಾರ್ಮ್ ಆದರೆ ಬಿಎಸ್‌ಡಿ ಪರವಾನಗಿಯ ಪೈಪಿಡಿಎಫ್ ಸಾಕು. ಪೈಪಿಡಿಎಫ್2 ಎಂಬುದು ನಿಂತುಹೋದ ಹಳೆಯ ಹೆಸರು, ಹೊಸ ಕೆಲಸಕ್ಕೆ ಅದನ್ನು ಹಿಡಿಯಬೇಡಿ.

ಕೆಳಗೆ ಬರುವ ಆಜ್ಞೆಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಕೋಡ್‌ನಲ್ಲಿ ಅವು ಇಂಗ್ಲಿಷ್ ಸಣ್ಣಕ್ಷರದಲ್ಲಿ, ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿಕೊಂಡು ಬರುತ್ತವೆ.

ಹಂತ 1: ಫಾರ್ಮ್ ಯಾವ ಜಾತಿಯದು?

ಫೈಲ್ ತೆರೆದು ‘ಈಸ್ ಫಾರ್ಮ್ ಪಿಡಿಎಫ್’ ಕೇಳಿ. ಸಂಖ್ಯೆ ಬಂದರೆ ಅಷ್ಟು ಫೀಲ್ಡುಗಳಿವೆ. ಪ್ರತಿ ಪುಟದ ‘ವಿಜೆಟ್ಸ್’ (ಪುಟದ ಮೇಲೆ ಕಾಣುವ ಫೀಲ್ಡುಗಳು) ಮೇಲೆ ಲೂಪ್ ಓಡಿಸಿ ‘ಫೀಲ್ಡ್ ನೇಮ್’, ‘ಫೀಲ್ಡ್ ಟೈಪ್ ಸ್ಟ್ರಿಂಗ್’, ‘ರೆಕ್ಟ್’ (ಪೆಟ್ಟಿಗೆಯ ಜಾಗ ಮತ್ತು ಅಳತೆ) ಮೂರನ್ನೂ ಮುದ್ರಿಸಿಕೊಳ್ಳಿ. ಹೆಸರುಗಳು ‘ಟೆಕ್ಸ್ಟ್1’, ‘ಟೆಕ್ಸ್ಟ್47’ ಎಂದು ಅರ್ಥವಿಲ್ಲದಂತೆ ಇದ್ದರೆ, ಪ್ರತಿ ಫೀಲ್ಡಿನಲ್ಲಿ ಅದರ ಹೆಸರನ್ನೇ ತುಂಬಿ ಒಂದು ಪ್ರತಿ ಮುದ್ರಿಸಿ. ಯಾವ ಹೆಸರು ಯಾವ ಪೆಟ್ಟಿಗೆಯದು ಎಂಬ ನಕ್ಷೆ ಕೈಗೆ ಸಿಗುತ್ತದೆ. ಆ ಕಾಗದದ ಮೇಲೆ ಪೆನ್ನಿನಲ್ಲಿ ಎಕ್ಸೆಲ್ ಕಾಲಮ್ಮಿನ ಹೆಸರು ಬರೆದುಕೊಂಡು, ಆಮೇಲೆ ಕೋಡ್‌ನಲ್ಲಿ ಆ ಜೋಡಿಗಳ ಒಂದು ಡಿಕ್ಷನರಿ ಮಾಡಿ.

ಸಂಖ್ಯೆ ಬಾರದೆ ‘ಫಾಲ್ಸ್’ ಬಂದರೆ, ಅದು ಸ್ಕ್ಯಾನ್ ಮಾಡಿದ ಚಿತ್ರ ಅಥವಾ ಬರೀ ಮುದ್ರಣದ ಪಿಡಿಎಫ್. ಆಗ ಪೆಟ್ಟಿಗೆಗಳ ಜಾಗವನ್ನು ನೀವೇ ಅಳೆಯಬೇಕು. ಪಿಡಿಎಫ್‌ನಲ್ಲಿ 1 ಇಂಚಿಗೆ 72 ಪಾಯಿಂಟ್; ಎ4 ಪುಟ 595 × 842. 300 ಡಿಪಿಐನಲ್ಲಿ ಸ್ಕ್ಯಾನ್ ಆದ ಪುಟ 2480 × 3508 ಪಿಕ್ಸೆಲ್ ಇರುತ್ತದೆ. ಪೇಂಟ್‌ನಲ್ಲಿ ಮೌಸ್ ಇಟ್ಟು ಓದಿದ ಅಂಕಿಯನ್ನು 0.24ರಿಂದ ಗುಣಿಸಿದರೆ ಪಾಯಿಂಟ್. ಪೈಮ್ಯುಪಿಡಿಎಫ್ ಎಣಿಸುವುದು ಪುಟದ ಮೇಲಿನ ಎಡಮೂಲೆಯಿಂದ. ಪೈಪಿಡಿಎಫ್ ಮತ್ತು ಪಿಡಿಎಫ್‌ನ ಸ್ವಂತ ಲೆಕ್ಕ ಕೆಳಗಿನ ಎಡಮೂಲೆಯಿಂದ. ಬರಹವೆಲ್ಲ ತಲೆಕೆಳಗಾದ ಜಾಗದಲ್ಲಿ ಬಿದ್ದಿದ್ದರೆ ಈ ಎರಡನ್ನು ಬೆರೆಸಿದ್ದೀರಿ. ಅಡ್ಡ ಸ್ಕ್ಯಾನ್ ಮಾಡಿ ತಿರುಗಿಸಿಟ್ಟ ಪುಟವಾದರೆ ಬರಹ 90 ಡಿಗ್ರಿ ವಾಲುತ್ತದೆ, ಮೊದಲು ‘ರಿಮೂವ್ ರೊಟೇಶನ್’ ಕರೆಯಿರಿ.

ಮೂರನೆಯ ಜಾತಿ ಎಕ್ಸ್‌ಎಫ್‌ಎ, ಅಂದರೆ ಎಕ್ಸ್‌ಎಂಎಲ್‌ನಲ್ಲಿ ಬರೆದ ಫಾರ್ಮ್. ಕೆಲವು ಬ್ರೌಸರುಗಳಲ್ಲಿ ತೆರೆದರೆ ‘ದಯವಿಟ್ಟು ಕಾಯಿರಿ’ ಎಂಬರ್ಥದ ಒಂದೇ ಇಂಗ್ಲಿಷ್ ಪುಟ ಕಾಣುತ್ತದೆ. 2017ರ ಪಿಡಿಎಫ್ 2.0 ಮಾನದಂಡದಲ್ಲಿ ಇದನ್ನು ಕೈಬಿಡಲಾಗಿದೆ. ಇದರ ಜತೆ ಗುದ್ದಾಡಿ ಹೊತ್ತು ಕಳೆಯಬೇಡಿ. ಅದೇ ಅರ್ಜಿಯ ಮುದ್ರಣ ಪ್ರತಿ ತರಿಸಿಕೊಂಡು ಎರಡನೆಯ ಜಾತಿಯಂತೆ ನಡೆಸಿ.

ಹಂತ 2: ಎಕ್ಸೆಲ್ ಹದಗೊಳಿಸುವುದು

ಇಡೀ ಕೆಲಸದಲ್ಲಿ ಅರ್ಜಿ ತಿರಸ್ಕಾರವಾಗುವಂಥ ತಪ್ಪುಗಳು ಹುಟ್ಟುವುದು ಇಲ್ಲಿ, ಪಿಡಿಎಫ್‌ನಲ್ಲಲ್ಲ.

ರಿ.ಸ.ನಂ. 12/3 ಎಂದು ಹೊಡೆದರೆ ಎಕ್ಸೆಲ್ ಅದನ್ನು ಮಾರ್ಚ್ 12 ಮಾಡುತ್ತದೆ. ಅಮೆರಿಕದ ಸೆಟ್ಟಿಂಗ್ ಇರುವ ಯಂತ್ರದಲ್ಲಿ ಡಿಸೆಂಬರ್ 3. ಒಮ್ಮೆ ಹಾಗಾದ ಮೇಲೆ ಮೂಲ ಯಾವುದೆಂದು ಕೋಡ್ ಊಹಿಸಲಾಗದು. ಸರ್ವೆ ಕಾಲಮ್ಮಿನಲ್ಲಿ ಓಪನ್‌ಪೈಎಕ್ಸ್‌ಎಲ್‌ಗೆ ‘ಡೇಟ್‌ಟೈಮ್’ ಸಿಕ್ಕರೆ ಆ ಸಾಲನ್ನು ತುಂಬದೆ ತಪ್ಪುಗಳ ಪಟ್ಟಿಗೆ (ಹಂತ 5 ನೋಡಿ) ಸೇರಿಸಿ, ಉತಾರ ನೋಡಿ ಕೈಯಲ್ಲಿ ತಿದ್ದಿ. ಇದಕ್ಕಿಂತ ಕಳ್ಳ ತಪ್ಪು ಕ್ಷೇತ್ರದ ಕಾಲಮ್ಮಿನದು. ನಮ್ಮಲ್ಲಿ 2 ಎಕರೆ 20 ಗುಂಟೆಯನ್ನು 2.20 ಎಂದು ಬರೆಯುವ ರೂಢಿ. ಎಕ್ಸೆಲ್ ಕೊನೆಯ ಸೊನ್ನೆ ನುಂಗಿ 2.2 ಇಟ್ಟುಕೊಳ್ಳುತ್ತದೆ, ಓದುವವರು 2 ಎಕರೆ 2 ಗುಂಟೆ ಎಂದುಕೊಳ್ಳುತ್ತಾರೆ. ಎಕರೆಗೆ 40 ಗುಂಟೆಯಾದ್ದರಿಂದ 2.20 ಎಂದರೆ ದಶಮಾಂಶದಲ್ಲಿ ಎರಡೂವರೆ ಎಕರೆ. ಕಾಲಮ್ ಕೂಡಿಸಿ ಒಟ್ಟು ತೆಗೆದವರ ಲೆಕ್ಕವೂ ಕೆಡುತ್ತದೆ. ಎಕರೆಗೊಂದು, ಗುಂಟೆಗೊಂದು ಕಾಲಮ್ ಮಾಡಿ, ಗುಂಟೆ 39 ಮೀರಿದರೆ ಆ ಸಾಲೂ ತಪ್ಪುಗಳ ಪಟ್ಟಿಗೆ ಹೋಗಲಿ.

ಆಧಾರ್‌ನ 12 ಅಂಕಿ, ಪಾಸ್‌ಬುಕ್ಕಿನ ಖಾತೆ ಸಂಖ್ಯೆ, ಮೊಬೈಲ್, ಪಿನ್‌ಕೋಡ್ ಎಲ್ಲವೂ ಪಠ್ಯವಾಗಿ ಇರಬೇಕು, ಸಂಖ್ಯೆಯಾಗಿ ಅಲ್ಲ. ಎಕ್ಸೆಲ್ 15 ಅಂಕಿಯ ಆಚೆಗೆ ನೆನಪಿಡುವುದಿಲ್ಲ, 16ನೆಯದನ್ನು ಸೊನ್ನೆ ಮಾಡುತ್ತದೆ. ಮುಂದಿನ ಸೊನ್ನೆಗಳನ್ನಂತೂ ಉಳಿಸುವುದೇ ಇಲ್ಲ. ಬ್ಯಾಂಕ್ ಶಾಖೆಯ ಸಂಕೇತವಾದ ಐಎಫ್‌ಎಸ್‌ಸಿ ಎಂದರೆ 11 ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ‘ಓ’ ಅಕ್ಷರ ಟೈಪಾಗಿದ್ದರೆ ಕಣ್ಣಿಗೆ ಕಾಣದು, ಕೋಡ್ ಒಂದೇ ಸಾಲಿನಲ್ಲಿ ಹಿಡಿಯುತ್ತದೆ.

ಕನ್ನಡದ ಕಾಲಮ್ಮುಗಳಲ್ಲಿ ನೋಡಬೇಕಾದದ್ದು ಬೇರೆ. ಹಳೆಯ ಪಟ್ಟಿ ‘ನುಡಿ’ ತಂತ್ರಾಂಶದ ಯುನಿಕೋಡ್ ಅಲ್ಲದ ಫಾಂಟಿನಲ್ಲಿದ್ದರೆ, ಫಾಂಟ್ ಬದಲಿಸಿದ ಕೂಡಲೇ ಹೆಸರು ಇಂಗ್ಲಿಷ್‌ನ ವಿಚಿತ್ರ ಚಿಹ್ನೆಗಳಾಗುತ್ತದೆ. ಮೊದಲು ಪರಿವರ್ತಕದಿಂದ ಯುನಿಕೋಡ್‌ಗೆ ತನ್ನಿ, ಆಮೇಲೆ ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಾರೆ ನೋಡಿ. ಪರಿವರ್ತಕಗಳು ಹೆಚ್ಚಾಗಿ ಎಡವುವುದು ಅಲ್ಲೇ. ಯುನಿಕೋಡ್‌ನಲ್ಲೂ ‘ಗೋಕಾಕ’ದ ‘ಗೋ’ವನ್ನು ಎರಡು ಬಗೆಯಲ್ಲಿ ಬರೆಯಬಹುದು: ಓತ್ವ ಒಂದೇ ಸಂಕೇತವಾಗಿ, ಅಥವಾ ಎತ್ವ, ಊತ್ವ, ದೀರ್ಘ ಎಂದು ಮೂರಾಗಿ. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ ಬೇರೆ ಊರು. ಪೈಥಾನ್‌ನ ‘ಯುನಿಕೋಡ್‌ಡೇಟಾ’ದ ‘ನಾರ್ಮಲೈಸ್’ ಆಜ್ಞೆಯನ್ನು ಎನ್‌ಎಫ್‌ಸಿ (ಬಿಡಿ ಸಂಕೇತಗಳನ್ನು ಕೂಡಿಸುವ) ಬಗೆಯಲ್ಲಿ ಎಲ್ಲ ಕನ್ನಡ ಮೌಲ್ಯಗಳ ಮೇಲೆ ಓಡಿಸಿ, ಹಿಂದೆ ಮುಂದೆ ಇರುವ ಖಾಲಿ ಜಾಗ ತೆಗೆಯಿರಿ. ಸದಸ್ಯರನ್ನು ಹೊಂದಿಸಲು ಹೆಸರನ್ನು ನೆಚ್ಚಬೇಡಿ, ಸದಸ್ಯತ್ವ ಸಂಖ್ಯೆಯನ್ನೇ ಹಿಡಿಯಿರಿ. ಒಂದೇ ಊರಿನಲ್ಲಿ ಒಂದೇ ಹೆಸರಿನ ಪಾಟೀಲರು ಎಷ್ಟು ಜನ ಇರುತ್ತಾರೆಂದು ಹೇಳಬೇಕಾಗಿಲ್ಲ.

ಎಕ್ಸೆಲ್ ಪಟ್ಟಿಯನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ ಫೈಲ್) ಮಾಡುವುದಾದರೆ ‘ಸಿಎಸ್‌ವಿ ಯುಟಿಎಫ್-8’ ಎಂದೇ ಉಳಿಸಿ, ಬರೀ ಸಿಎಸ್‌ವಿಯಲ್ಲಿ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ಓದುವಾಗ ಎನ್‌ಕೋಡಿಂಗ್ ‘ಯುಟಿಎಫ್-8-ಸಿಗ್’ ಕೊಡಿ. ಇಲ್ಲದಿದ್ದರೆ ಮೊದಲ ಕಾಲಮ್ಮಿನ ಹೆಸರಿಗೆ ಕಾಣದ ಒಂದು ಚಿಹ್ನೆ ಅಂಟಿಕೊಂಡು, ಎದುರಿಗೇ ಇರುವ ಕಾಲಮ್ ‘ಇಲ್ಲ’ ಎಂದು ಕೋಡ್ ಹಟ ಹಿಡಿಯುತ್ತದೆ.

ಹಂತ 3: ತುಂಬುವುದು

ಪ್ರತಿ ಸದಸ್ಯರಿಗೂ ಖಾಲಿ ಫಾರ್ಮ್ ಹೊಸದಾಗಿ ತೆರೆಯಿರಿ. ಹಿಂದಿನವರದನ್ನೇ ಮುಂದುವರಿಸಿದರೆ, ಮುಂದಿನವರ ಖಾಲಿ ಪೆಟ್ಟಿಗೆಯಲ್ಲಿ ಹಿಂದಿನವರ ಮೊಬೈಲ್ ನಂಬರ್ ಉಳಿದುಬಿಡುತ್ತದೆ. ಪುಟದ ವಿಜೆಟ್‌ಗಳನ್ನು ಮೊದಲು ಲಿಸ್ಟ್ ಮಾಡಿಕೊಂಡು ಆಮೇಲೆ ಲೂಪ್ ನಡೆಸಿ. ಲೂಪ್ ಓಡುತ್ತಿರುವಾಗಲೇ ಅಳಿಸುತ್ತ ಹೋದರೆ ನಡುವಿನ ಫೀಲ್ಡುಗಳು ತಪ್ಪಿಹೋಗುತ್ತವೆ.

ಮೌಲ್ಯ ಬರೀ ಇಂಗ್ಲಿಷ್ ಅಕ್ಷರ ಮತ್ತು ಅಂಕಿಯೇ ಎಂದು ಸ್ಟ್ರಿಂಗ್‌ನ ‘ಈಸ್ ಆಸ್ಕಿ’ಯಿಂದ ತಿಳಿಯುತ್ತದೆ. (ಈ ಒಂದು ಹೆಸರಿಗೆ ಅಂಡರ್‌ಸ್ಕೋರ್ ಇಲ್ಲ, ಒಂದೇ ಪದ.) ಹೌದಾದರೆ ‘ಫೀಲ್ಡ್ ವ್ಯಾಲ್ಯೂ’ಗೆ ಮೌಲ್ಯ ಕೊಟ್ಟು ‘ಅಪ್‌ಡೇಟ್’ ಕರೆಯಿರಿ, ಚಿತ್ರವನ್ನು ಲೈಬ್ರರಿಯೇ ಬರೆಯುತ್ತದೆ. ಆಧಾರ್‌ನ 12 ಮನೆಗಳ ಬಾಚಣಿಗೆ ಫೀಲ್ಡಿಗೆ ಈ ದಾರಿಯೇ ಸರಿ, ಅಂಕಿಗಳ ನಡುವೆ ಖಾಲಿ ಜಾಗ ಮಾತ್ರ ಬಿಡಬೇಡಿ.

ಕನ್ನಡ ಇದ್ದರೆ ದಾರಿ ಬೇರೆ. ವಿಜೆಟ್‌ನ ‘ರೆಕ್ಟ್’ ನಕಲು ಮಾಡಿಟ್ಟುಕೊಳ್ಳಿ, ‘ಡಿಲೀಟ್ ವಿಜೆಟ್’ನಿಂದ ಫೀಲ್ಡ್ ತೆಗೆಯಿರಿ, ಅದೇ ರೆಕ್ಟ್ ಮೇಲೆ ‘ಇನ್ಸರ್ಟ್ ಎಚ್‌ಟಿಎಂಎಲ್‌ಬಾಕ್ಸ್’ ಕರೆಯಿರಿ. ಈ ಆಜ್ಞೆ 1.23.8ನೇ ಆವೃತ್ತಿಯಿಂದ ಇದೆ, ಶೇಪಿಂಗ್ ಮಾಡಿಯೇ ಬರೆಯುತ್ತದೆ. ಅದಕ್ಕೆ ಮೂರು ಸಂಗತಿ ಕೊಡಿ. ಒಂದು, ಬರಹ; ಪೈಥಾನ್‌ನ ‘ಎಚ್‌ಟಿಎಂಎಲ್’ ಮಾಡ್ಯೂಲಿನ ‘ಎಸ್ಕೇಪ್’ ದಾಟಿಸಿಯೇ ಕೊಡಬೇಕು, ಇಲ್ಲದಿದ್ದರೆ ಅಂಗಡಿ ಹೆಸರಿನಲ್ಲಿರುವ ‘&’ ಅಥವಾ ‘<’ ಚಿಹ್ನೆ ಬರಹವನ್ನು ಕೆಡಿಸಬಹುದು. ಎರಡು, ‘ಫಾಂಟ್ಸ್’ ಫೋಲ್ಡರನ್ನು ತೋರಿಸುವ ‘ಆರ್ಕೈವ್’. ಮೂರು, ಬರಹದ ವಿನ್ಯಾಸ ಹೇಳುವ ಸಿಎಸ್‌ಎಸ್, ಅದರಲ್ಲಿ ‘ಫಾಂಟ್-ಫೇಸ್’ ಮೂಲಕ ನೋಟೋ ಫೈಲಿನ ಹೆಸರು, ಅಳತೆ 10, ಮಾರ್ಜಿನ್ 0. ಮಾರ್ಜಿನ್ ಸೊನ್ನೆ ಮಾಡದಿದ್ದರೆ ಬರಹ ಪೆಟ್ಟಿಗೆಯಲ್ಲಿ ಕೆಳಗೆ ಜಾರುತ್ತದೆ, ಅಥವಾ ಜಾಗ ಸಾಲದೆ ಇರುವೆಯಷ್ಟು ಸಣ್ಣದಾಗುತ್ತದೆ.

ಸಣ್ಣದಾಗುವುದನ್ನು ಹಿಡಿತದಲ್ಲಿಡಲು ‘ಸ್ಕೇಲ್ ಲೋ’ಗೆ 0.7 ಕೊಡಿ. 10 ಪಾಯಿಂಟಿನ ಬರಹ 7ರವರೆಗೆ ಇಳಿಯಬಹುದು, ಅದಕ್ಕಿಂತ ಕೆಳಗೆ ಬೇಡ. ಝೆರಾಕ್ಸ್ ತೆಗೆದಾಗ ‘ಸ್ತ್ರೀ’ಯಂಥ ಅಕ್ಷರದ ಎರಡು ಒತ್ತುಗಳು ಮಸಿಯ ಚುಕ್ಕೆಯಾಗುತ್ತವೆ. ಈ ಆಜ್ಞೆ ಎರಡು ಅಂಕಿ ಹಿಂತಿರುಗಿಸುತ್ತದೆ: ಉಳಿದ ಎತ್ತರ ಮತ್ತು ಕುಗ್ಗಿದ ಪ್ರಮಾಣ. ಮೊದಲನೆಯದು -1 ಬಂದರೆ ಬರಹ ಹಿಡಿಸಲಿಲ್ಲ, ಅಲ್ಲಿ ಏನನ್ನೂ ಬರೆದಿಲ್ಲ ಎಂದರ್ಥ. ಇದನ್ನು ನೋಡದೆ ಬಿಟ್ಟರೆ ಉದ್ದ ಹೆಸರಿನವರ ಅರ್ಜಿ ಖಾಲಿ ಹೋಗುತ್ತದೆ, ಯಾವ ದೋಷ ಸಂದೇಶವೂ ಬರುವುದಿಲ್ಲ. ಇಂಗ್ಲಿಷ್‌ಗೆಂದು ಮಾಡಿದ 12–14 ಪಾಯಿಂಟ್ ಎತ್ತರದ ಪೆಟ್ಟಿಗೆ ಕನ್ನಡಕ್ಕೆ ಕಿರಿದು. ಸುತ್ತ ಜಾಗವಿದ್ದರೆ ರೆಕ್ಟ್‌ನ ಮೇಲೆ 2, ಕೆಳಗೆ 3 ಪಾಯಿಂಟ್ ಹಿಗ್ಗಿಸಿ. ಒತ್ತಕ್ಷರ ಇಳಿಯುವುದು ಕೆಳಕ್ಕೆ.

ಕನ್ನಡ ಹೆಸರಿಗೆ ಬಾಚಣಿಗೆ ಫೀಲ್ಡ್ ಇಟ್ಟ ಫಾರ್ಮ್‌ಗಳೂ ಉಂಟು. ಅಲ್ಲಿ ಮನೆಗಳನ್ನು ಎಣಿಸುವುದು ಸಂಕೇತಗಳಿಂದ. ‘ಕೃಷ್ಣಾ’ ನಮಗೆ ಎರಡಕ್ಷರ, ಯಂತ್ರಕ್ಕೆ ಆರು. ಮನೆಗಳನ್ನು ಮರೆತು ಇಡೀ ಪಟ್ಟಿಯನ್ನು ಒಂದೇ ಪೆಟ್ಟಿಗೆ ಮಾಡಿ ಬರೆಯಿರಿ.

ಬೆಳಗಾವಿ, ಖಾನಾಪುರ, ನಿಪ್ಪಾಣಿಯ ಪಟ್ಟಿಗಳಲ್ಲಿ ಮರಾಠಿಯಲ್ಲಿ ಬರೆದ ಹೆಸರುಗಳೂ ವಿಜಯಪುರದಲ್ಲಿ ಉರ್ದು ಹೆಸರುಗಳೂ ಬರಬಹುದು. ದೇವನಾಗರಿಗೂ ಇದೇ ದಾರಿ, ಸಿಎಸ್‌ಎಸ್‌ನಲ್ಲಿ ನೋಟೋ ಸಾನ್ಸ್ ದೇವನಾಗರಿಯನ್ನು ಎರಡನೆಯ ಫಾಂಟಾಗಿ ಸೇರಿಸಿದರಾಯಿತು. ಉರ್ದು ಬಲದಿಂದ ಎಡಕ್ಕೆ. ನಸ್ತಾಲಿಖ್ ಶೈಲಿಗೆ ಎತ್ತರ ಇನ್ನೂ ಹೆಚ್ಚು ಬೇಕು. ಅದನ್ನು ಬೇರೆಯಾಗಿ ಪರೀಕ್ಷಿಸಿ.

ಟಿಕ್ ಪೆಟ್ಟಿಗೆಗಳ ‘ಆಫ್’ ಸ್ಥಿತಿ ಎಲ್ಲೆಡೆ ಒಂದೇ, ‘ಆನ್’ ಸ್ಥಿತಿಯ ಹೆಸರು ಮಾತ್ರ ಫಾರ್ಮ್ ಮಾಡಿದವರ ಇಷ್ಟ: ‘ಯೆಸ್’, ‘ಆನ್’, ‘1’ ಏನೂ ಇರಬಹುದು. ವಿಜೆಟ್‌ನ ‘ಆನ್ ಸ್ಟೇಟ್’ ಕೇಳಿ ಬಂದದ್ದನ್ನೇ ಕೊಡಿ. ಆಯ್ಕೆ ಪಟ್ಟಿಯಲ್ಲಿ ಹಳೆಯ ಹೆಸರುಗಳ ತೊಡಕಿದೆ. 2014ರ ನವೆಂಬರ್ 1ರಂದು ಬೆಳಗಾಂ ಬೆಳಗಾವಿಯಾಯಿತು, ಬಿಜಾಪುರ ವಿಜಯಪುರವಾಯಿತು. ಅದಕ್ಕೆ ಮುಂಚಿನ ಫಾರ್ಮ್‌ನ ಪಟ್ಟಿಯಲ್ಲಿ ‘ವಿಜಯಪುರ’ ಇರುವುದೇ ಇಲ್ಲ. ಪಟ್ಟಿಯಲ್ಲಿರುವ ಮೌಲ್ಯಗಳನ್ನು ‘ಚಾಯ್ಸ್ ವ್ಯಾಲ್ಯೂಸ್’ನಿಂದ ಓದಿ, ಹಳೆಯ ಹೊಸ ಹೆಸರುಗಳ ಜೋಡಿಯನ್ನು ಕೋಡ್‌ನಲ್ಲೇ ಇಟ್ಟುಕೊಳ್ಳಿ.

ಹಂತ 4: ಫ್ಲ್ಯಾಟನ್ ಮಾಡಿ, ಆಮೇಲೆ ಜೋಡಿಸಿ

ಈ ಅನುಕ್ರಮ ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದೂ ಕೆಡುತ್ತದೆ. ಪಿಡಿಎಫ್ ಮಾನದಂಡದ ಪ್ರಕಾರ ಒಂದು ದಾಖಲೆಯಲ್ಲಿ ಒಂದೇ ಪೂರ್ಣ ಹೆಸರಿನ ಫೀಲ್ಡುಗಳೆಲ್ಲ ಒಂದೇ ಫೀಲ್ಡ್. 300 ಅರ್ಜಿಗಳಲ್ಲೂ ‘ಅರ್ಜಿದಾರ’ ಎಂಬ ಫೀಲ್ಡ್ ಇದ್ದರೆ, ಜೋಡಿಸಿದ ಫೈಲಿನಲ್ಲಿ ಅವು 300 ಜಾಗದಲ್ಲಿ ಕಾಣುವ ಒಂದೇ ಮೌಲ್ಯ. ಕೆಲವೊಮ್ಮೆ ಮೊದಲ ನೋಟಕ್ಕೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಏಕೆಂದರೆ ಹಳೆಯ ಚಿತ್ರಗಳು ಇನ್ನೂ ಇವೆ. ಬ್ಯಾಂಕಿನಲ್ಲಿ ಯಾರೋ ಒಂದು ಪೆಟ್ಟಿಗೆ ಮುಟ್ಟಿದ ಕೂಡಲೇ ಎಲ್ಲರೂ ಒಬ್ಬರೇ ಆಗಿಬಿಡುತ್ತಾರೆ.

ಒಬ್ಬರ ಅರ್ಜಿ ತುಂಬಿ ಮುಗಿದ ಕೂಡಲೇ ಆ ದಾಖಲೆಯ ಮೇಲೆ ‘ಬೇಕ್’ ಕರೆಯಿರಿ. ಉಳಿದ ವಿಜೆಟ್‌ಗಳ ಚಿತ್ರ ಪುಟದ ಭಾಗವಾಗುತ್ತದೆ, ಫೀಲ್ಡುಗಳು ಹೋಗುತ್ತವೆ. ಪಿಡಿಎಫ್‌ಟಿಕೆ ಎಂಬ ಸಾಧನ ಬಳಸುವವರಿಗೆ ಇದೇ ಕೆಲಸ ‘ಫ್ಲ್ಯಾಟನ್’ ಎಂಬ ಪದದಿಂದ ಆಗುತ್ತದೆ. ಆದರೆ ಚಿತ್ರ ಹುಟ್ಟಿರದ ಫೀಲ್ಡನ್ನು ಫ್ಲ್ಯಾಟನ್ ಮಾಡಿದರೆ ಖಾಲಿ ಜಾಗ ಉಳಿಯುತ್ತದೆ. ಜೋಡಿಸಿದ ಮೇಲೂ ತುಂಬುವಂತೆಯೇ ಇರಬೇಕಾದರೆ, ಪೈಪಿಡಿಎಫ್‌ನ ‘ಆ್ಯಡ್ ಫಾರ್ಮ್ ಟಾಪ್‌ನೇಮ್’ನಿಂದ ಪ್ರತಿ ಅರ್ಜಿಯ ಫೀಲ್ಡುಗಳ ಮುಂದೆ ಸದಸ್ಯತ್ವ ಸಂಖ್ಯೆ ಸೇರಿಸಿ ಹೆಸರು ಬೇರೆ ಮಾಡಬಹುದು. ಸಲ್ಲಿಸುವ ಪ್ರತಿಗೆ ಅದರ ಅಗತ್ಯ ಬಲು ಅಪರೂಪ.

ಇನ್ನು ಜೋಡಣೆ. ಸದಸ್ಯತ್ವ ಸಂಖ್ಯೆಯ ಹೆಸರಿನ ಫೋಲ್ಡರಿನಲ್ಲಿ ಉತಾರ, ಆಧಾರ್, ಪಾಸ್‌ಬುಕ್ ಇರಲಿ. ಸಂಖ್ಯೆಗಳನ್ನು 001, 002 ಎಂದು ಮೂರಂಕಿಯಲ್ಲಿ ಬರೆಯಿರಿ, ಇಲ್ಲದಿದ್ದರೆ 2ಕ್ಕಿಂತ ಮೊದಲು 10 ಬಂದು ಕೂಡುತ್ತದೆ. ಖಾಲಿ ದಾಖಲೆಯೊಂದನ್ನು ತೆರೆದು, ಅರ್ಜಿ ಮೊದಲು, ಲಗತ್ತುಗಳು ಆಮೇಲೆ ‘ಇನ್ಸರ್ಟ್ ಪಿಡಿಎಫ್’ನಿಂದ ಸೇರಿಸುತ್ತ ಹೋಗಿ. ಮೊಬೈಲಿನಲ್ಲಿ ತೆಗೆದು ಪಿಡಿಎಫ್ ಮಾಡಿದ ಪಾಸ್‌ಬುಕ್ ಪುಟಗಳು ಅಳತೆಯಿಲ್ಲದೆ ಇರುತ್ತವೆ. ಹೊಸ ಎ4 ಪುಟ ಮಾಡಿ, ಸುತ್ತ 36 ಪಾಯಿಂಟ್ ಬಿಟ್ಟು ‘ಶೋ ಪಿಡಿಎಫ್ ಪೇಜ್’ನಿಂದ ಅದರೊಳಗೆ ಕೂರಿಸಿ. ಎರಡೂ ಮಗ್ಗುಲು ಮುದ್ರಿಸುವುದಾದರೆ ಒಬ್ಬರ ಪುಟಗಳು ಬೆಸಸಂಖ್ಯೆಯಲ್ಲಿ ಮುಗಿದಾಗ ಒಂದು ಖಾಲಿ ಪುಟ ಸೇರಿಸಿ. ಇಲ್ಲದಿದ್ದರೆ ಒಬ್ಬರ ಪಾಸ್‌ಬುಕ್ಕಿನ ಬೆನ್ನ ಮೇಲೆ ಇನ್ನೊಬ್ಬರ ಅರ್ಜಿ. ಪ್ರತಿಯೊಬ್ಬರ ಮೊದಲ ಪುಟದ ಸಂಖ್ಯೆ ಬರೆದಿಟ್ಟುಕೊಂಡು ಕೊನೆಗೆ ‘ಸೆಟ್ ಟಿಒಸಿ’ಗೆ ಕೊಟ್ಟರೆ ಪಕ್ಕದಲ್ಲಿ ಹೆಸರಿನ ಪಟ್ಟಿ ಬರುತ್ತದೆ, ಸಾವಿರ ಪುಟದ ಫೈಲಿನಲ್ಲಿ ಹುಡುಕುವವರಿಗೆ ಅದೇ ದಾರಿದೀಪ.

ಇ-ಆಧಾರ್ ಫೈಲಿಗೆ ಪಾಸ್‌ವರ್ಡ್ ಇರುತ್ತದೆ: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ನಂತರ ಹುಟ್ಟಿದ ವರ್ಷ. ‘ನೀಡ್ಸ್ ಪಾಸ್’ ನೋಡಿ ‘ಅಥೆಂಟಿಕೇಟ್’ ಮಾಡಿದ ಮೇಲೆಯೇ ಸೇರಿಸಿ. ಸಾಧ್ಯವಿದ್ದಲ್ಲಿ ಕೊನೆಯ ನಾಲ್ಕಂಕಿ ಮಾತ್ರ ತೋರುವ ಮಾಸ್ಕ್ ಮಾಡಿದ ಪ್ರತಿ ಬಳಸಿ, ಕೆಲಸ ಮುಗಿದ ಮೇಲೆ ತಾತ್ಕಾಲಿಕ ಫೈಲುಗಳನ್ನು ಅಳಿಸಿ.

ಡಿಜಿಟಲ್ ಸಹಿ ಇರುವ ದಾಖಲೆಗೆ ಮಾತ್ರ ಜೋಡಣೆ ಒಗ್ಗದು. ಸಹಿ ನಿಂತಿರುವುದು ಆ ಫೈಲಿನ ಬೈಟುಗಳ ಮೇಲೆ. ಪುಟ ತೆಗೆದು ಬೇರೆ ಫೈಲಿಗೆ ಹಾಕಿದರೆ ಸಹಿಯ ಚಿತ್ರ ಉಳಿಯಬಹುದು, ಪರಿಶೀಲನೆ ನಡೆಯುವುದಿಲ್ಲ. ಮೂಲ ಬೇಕೆನ್ನುವ ಕಡೆ ಅದನ್ನು ಬೇರೆಯಾಗಿಯೇ ಸಲ್ಲಿಸಿ, ಅಥವಾ ‘ಎಂಬ್‌ಫೈಲ್ ಆ್ಯಡ್’ನಿಂದ ಇಡೀ ಫೈಲನ್ನು ಲಗತ್ತಾಗಿ ಒಳಗಿಡಿ.

ಉಳಿಸುವ ಮುನ್ನ ‘ಸಬ್‌ಸೆಟ್ ಫಾಂಟ್ಸ್’ ಕರೆದು, ‘ಸೇವ್’ಗೆ ‘ಗಾರ್ಬೇಜ್’ 4, ‘ಡಿಫ್ಲೇಟ್’ ಟ್ರೂ ಕೊಡಿ. ಇದನ್ನು ಮರೆತರೆ ಇಡೀ ನೋಟೋ ಫಾಂಟ್ ಮತ್ತೆ ಮತ್ತೆ ಒಳಗೆ ಸೇರಿ ಫೈಲ್ ಊದಿಕೊಳ್ಳುತ್ತದೆ. ಅಪ್‌ಲೋಡ್ ಮಿತಿ ಇದ್ದಲ್ಲಿ ಲಗತ್ತುಗಳನ್ನು 150 ಡಿಪಿಐ, ಬೂದು ಬಣ್ಣದಲ್ಲಿ ಸ್ಕ್ಯಾನ್ ಮಾಡಿ. ಬಣ್ಣದ 300 ಡಿಪಿಐ ಪುಟವನ್ನು ಆಮೇಲೆ ಕುಗ್ಗಿಸುವುದಕ್ಕಿಂತ ಅದೇ ಸಲೀಸು.

ಹಂತ 5: 300 ಓಡಿಸುವ ಮುನ್ನ 5 ಓಡಿಸಿ

ಆ ಐದು ಸಾಲುಗಳನ್ನು ಬೇಕೆಂದೇ ಆರಿಸಿ: ಪಟ್ಟಿಯಲ್ಲೇ ಉದ್ದನೆಯ ಹೆಸರು, ಅರ್ಕಾವತ್ತು ಇರುವ ‘ಕರ್ಜಗಿ’ಯಂಥದ್ದು, ‘112/2ಬ’ದಂತೆ ಅಂಕಿ ಮತ್ತು ಕನ್ನಡ ಬೆರೆತದ್ದು, ಮೊಬೈಲ್ ಇಲ್ಲದ ಸಾಲು, ಎರಡು ಮೂರು ಸರ್ವೆ ನಂಬರ್ ಇರುವವರು. ಖಾಲಿ ಸೆಲ್ ಅನ್ನು ಪೈಥಾನ್ ‘ನನ್’ ಎಂದು ಕೊಡುತ್ತದೆ. ನೋಡಿಕೊಳ್ಳದಿದ್ದರೆ ಅರ್ಜಿಯ ಮೇಲೆ ಅದೇ ಇಂಗ್ಲಿಷ್ ಪದ ಅಚ್ಚಾಗುತ್ತದೆ.

ಫಲಿತಾಂಶವನ್ನು ಪಿಡಿಎಫ್‌ನಿಂದ ಬರಹ ನಕಲು ಮಾಡಿ ಪರೀಕ್ಷಿಸಬೇಡಿ. ಶೇಪಿಂಗ್ ಆದ ಕನ್ನಡ ನಕಲು ಮಾಡಿದಾಗ ಸರಿಯಿದ್ದರೂ ಕೆಟ್ಟಂತೆ ಬರಬಹುದು. ‘ಗೆಟ್ ಪಿಕ್ಸ್‌ಮ್ಯಾಪ್’ನಿಂದ 100 ಡಿಪಿಐ ಚಿತ್ರ ತೆಗೆದು ಕಣ್ಣಿನಿಂದ ನೋಡಿ, ಬ್ರೌಸರಿನಲ್ಲೂ ಮೊಬೈಲಿನಲ್ಲೂ ತೆರೆಯಿರಿ, ಕಚೇರಿಯ ಪ್ರಿಂಟರಿನಲ್ಲೇ ಒಂದು ಪ್ರತಿ ತೆಗೆಯಿರಿ. ‘ಪುಟಕ್ಕೆ ಹೊಂದಿಸು’ ಆಯ್ಕೆ ಆನ್ ಇದ್ದರೆ ಎಲ್ಲವೂ ತುಸು ಕುಗ್ಗುತ್ತದೆ. ಮೊದಲೇ ಅಚ್ಚಾದ ಫಾರ್ಮ್ ಮೇಲೆ ಬರೀ ವಿವರ ಮುದ್ರಿಸುವವರು ಅದನ್ನು ‘ನೈಜ ಅಳತೆ’ಗೆ ತರಲೇಬೇಕು.

ಪೂರ್ತಿ ಓಟದಲ್ಲಿ ಒಬ್ಬರ ಸಾಲು ಕೆಟ್ಟರೆ ಕೋಡ್ ನಿಲ್ಲದೆ ಮುಂದೆ ಹೋಗಲಿ, ಆದರೆ ಸದಸ್ಯತ್ವ ಸಂಖ್ಯೆ, ಫೀಲ್ಡ್, ಕಾರಣ ಮೂರನ್ನೂ ಒಂದು ಸಿಎಸ್‌ವಿಗೆ ಬರೆದಿಡಲಿ: ‘ಸರ್ವೆ ನಂಬರ್ ದಿನಾಂಕವಾಗಿದೆ’, ‘ಹೆಸರು ಹಿಡಿಸಲಿಲ್ಲ’, ‘ಉತಾರ ಇಲ್ಲ’. ಆ ಸದಸ್ಯರನ್ನು ಜೋಡಿಸಿದ ಫೈಲಿನಿಂದ ಪೂರ್ತಿ ಹೊರಗಿಡಿ. ಕೊನೆಯಲ್ಲಿ ಜೋಡಿಸಿದ ಫೈಲಿನ ಸೂಚಿಯಲ್ಲಿರುವ ಹೆಸರುಗಳಿಗೆ ತಪ್ಪುಗಳ ಪಟ್ಟಿಯ ಸದಸ್ಯರನ್ನು (ಒಬ್ಬರನ್ನು ಒಮ್ಮೆ ಮಾತ್ರ ಎಣಿಸಿ) ಕೂಡಿದರೆ ಎಕ್ಸೆಲ್ ಸಾಲುಗಳ ಸಂಖ್ಯೆಗೆ ಸರಿಹೋಗಬೇಕು. ಒಂದು ಕಡಿಮೆ ಬಿದ್ದರೂ ಫೈಲನ್ನು ಡಿಸಿಸಿ (ಜಿಲ್ಲಾ ಕೇಂದ್ರ ಸಹಕಾರಿ) ಬ್ಯಾಂಕಿಗೆ ಕಳಿಸಬೇಡಿ.